ಎದುರು ಗ್ಯಾರೇಜಿನವನ ಕೈಗುಣ

ಮೊನ್ನೆ ಮಗಳ ನಿಶ್ಚಿತಾರ್ಥಕ್ಕೆಂದು ಮೊಳಕಾಲ್ಮುರಿನಿಂದ ತಂದ ಸೀರೆಯನ್ನು ಕೈಗೆತ್ತಿಕೊಂಡೆ. ಸ್ಪ್ಯಾನರ್ ಹಿಡಿದು ಒರಟಾದ ನನ್ನ ಬೆರಳಿಗೆ ರೇಷ್ಮೆಯ ಒಂದು ಎಳೆ ಸಿಕ್ಕಿಕೊಂಡಿತು. "ಮೊದ್ಲು ಕೆಳಗಿಡ್ರಿ ಅದನ್ನ" ಎಂದು ಹೆಂಡತಿ ಗದರಿದಳು. ಎಳೆ ಬಿಡಿಸುತ್ತಾ ಕೂತವನಿಗೆ ಎದುರು ಗ್ಯಾರೇಜಿನವನ ನೆನಪಾಯಿತು. ಜೊತೆಗೇ ಆ ಹಳೆಯ ಹೊಟ್ಟೆಯುರಿಯೂ ಎದ್ದಿತು...

ಚಳ್ಳಕೆರೆಯಲ್ಲಿ ನನ್ನ ಗ್ಯಾರೇಜು ರಸ್ತೆಯ ಈ ಬದಿಗೆ, ಅವನದು ಆ ಬದಿಗೆ. ಮೊದಲು ಶೆಟರ್ ಎತ್ತಿದವನು ನಾನು. ಅವನು ಆಮೇಲೆ ಬಂದವನು, ಮೊಳಕಾಲ್ಮುರಿನ ಮಗ್ಗದ ಮನೆಯವನು. ಪ್ರತಿ ಮಾತಿಗೂ ಮೊದಲು ತೆಲುಗಿನಲ್ಲಿ "ಚೂಡು ಬಾವ" ಅನ್ನುತ್ತಿದ್ದ, ನೋಡು ಬಾವ ಎಂದು. ನಾನು ಅವನಿಗೆ ಯಾವ ಸೀಮೆಯ ಬಾವ? ಗಿರಾಕಿಗಳಿಗೆ ಮಾತ್ರ ಅವನ ಮಾತು ಬೆಲ್ಲ. ಅವನ ಕೈಗುಣ ಒಳ್ಳೆಯದು ಎನ್ನುತ್ತಿದ್ದರು. ಕೈಗುಣವಂತೆ! ನನ್ನ ಕೈಗೇನು ಹುಳ ಬಿದ್ದಿತ್ತೇ? ಮನೆಯಲ್ಲೂ ಅದೇ ರಾಗ. "ಅವ್ರು ನಗ್ ನಗ್ತಾ ಮಾತಾಡಿಸ್ತಾರೆ, ನೀವು ಗಿರಾಕಿ ಬಂದ್ರೆ ಮುಖ ಗಂಟು ಹಾಕ್ಕೋತೀರ" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಒಂದು ದಿನ ಎಣ್ಣೆ ಮಿಲ್ಲಿನ ಸಾಹುಕಾರರ ಮಗ ಕಾರೊಂದಕ್ಕೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದ. ಟರ್ಬೊ ಇಂಜಿನ್ನಿನ ಸೆಕೆಂಡ್ ಹ್ಯಾಂಡ್ ಕಾರು, ರೇಸಿಗೆಂದೇ ಹುಟ್ಟಿದಂಥದ್ದು. ತಳಕಿನ ಕಡೆಯ ನೆಟ್ಟಗಿನ ರಸ್ತೆಯಲ್ಲಿ ಓಡಿಸಿ ಇಂಜಿನ್ ಹಾಳು ಮಾಡಿಕೊಂಡಿದ್ದ. ಅಂಥದ್ದನ್ನು ಒಮ್ಮೆಯಾದರೂ ಬಿಚ್ಚಿ ಜೋಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಜೀವ ಕೊಟ್ಟವನನ್ನೇ ಊರು ದೊಡ್ಡ ಮೆಕ್ಯಾನಿಕ್ ಅನ್ನುತ್ತದೆಂದೂ ಗೊತ್ತಿತ್ತು. ಕಾರು ಎರಡು ಗ್ಯಾರೇಜುಗಳ ನಡುವೆ ನಿಂತಿತು. ನಾವಿಬ್ಬರೂ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದೆವು. ಸಾಹುಕಾರರ ಮಗ ನನ್ನನ್ನೊಮ್ಮೆ ನೋಡಿ, ಕಾರನ್ನು ಆ ಬದಿಗೆ ತಿರುಗಿಸಿದ.

ಅವನು ಇಂಜಿನ್ ಬಿಚ್ಚಿದಾಗ ಯಾರೂ ಕರೆಯದಿದ್ದರೂ ನಾನು ಹೋಗಿ ನೋಡಿದೆ. ಬೇರಿಂಗ್ ಅರೆದು ಪುಡಿಯಾಗಿತ್ತು, ಕನೆಕ್ಟಿಂಗ್ ರಾಡ್ ಬಾಗಿತ್ತು, ಒಂದು ಪಿಸ್ಟನ್ ಸೀಳಿಹೋಗಿತ್ತು, ಇವನ್ನೆಲ್ಲ ಹೊತ್ತು ತಿರುಗುವ ಕ್ರ್ಯಾಂಕಿನ ತುಂಬ ಗೀರು. ಕ್ರ್ಯಾಂಕನ್ನು ದಾವಣಗೆರೆಯಲ್ಲಿ ಉಜ್ಜಿಸಿ ತಂದವನು, ಅದರ ಮೇಲೆ ರೇಷ್ಮೆ ಎಳೆಯೊಂದನ್ನು ಮೆಲ್ಲಗೆ ಎಳೆಯುತ್ತಾ ಕೂತ. ಗೀರು ಉಳಿದಿದ್ದರೆ ಎಳೆ ಅಲ್ಲಿ ತಡೆದು ನಿಲ್ಲುತ್ತದಂತೆ. ಅವರವ್ವ ಮಗ್ಗದ ಲಾಳಿಯನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದಳಂತೆ.

"ಕ್ರ್ಯಾಂಕಿಗೆ ಸೀರೆ ಉಡಿಸ್ತೀಯೇನಲೇ?" ಎಂದೆ.

"ಚೂಡು ಬಾವ, ಇಲ್ಲಿ ತಡೀತೈತೆ" ಎಂದವನೇ ಅದನ್ನು ಮತ್ತೆ ದಾವಣಗೆರೆಗೆ ಕಳಿಸಿದ. ಆ ಜಾಗದಲ್ಲಿ ನಾನೂ ಉಗುರಾಡಿಸಿ ನೋಡಿದ್ದೆ, ಏನೂ ತಗಲಿರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಇಂಜಿನ್ ಸ್ಟಾರ್ಟ್ ಮಾಡುವ ದಿನ ಮಿಲ್ಲಿನವರೆಲ್ಲ ನಿಂಬೆಹಣ್ಣು, ಕರ್ಪೂರ ಹಿಡಿದು ಸೇರಿದ್ದರು. ನಾನೂ ಹೋಗಿ ಬಂಪರಿನ ಹತ್ತಿರ ನಿಂತೆ. ಅದರ ಹಿಂದಿದ್ದ, ಇಂಜಿನ್ ಎಣ್ಣೆ ತಣಿಸುವ ಆಯಿಲ್ ಕೂಲರಿನ ಮೇಲೆ ಹಳೆಯ ಕೆಸರು, ಸತ್ತ ಹುಳಗಳು ಹಾಗೇ ಅಂಟಿದ್ದವು. ಎದೆ ಹಿಗ್ಗಿತು! ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಕೂಲರೇ ಇಲ್ಲದ ಟ್ರ್ಯಾಕ್ಟರು, ಜೀಪುಗಳಲ್ಲಿ ಕೈ ಪಳಗಿದವನಿಗೆ ಅತ್ತ ಗಮನ ಹೋಗಿರಲಿಲ್ಲ. ಅರೆದ ಬೇರಿಂಗಿನ ಪುಡಿ ಎಣ್ಣೆಯ ಜೊತೆ ಹೋಗಿ ಅಲ್ಲೇ ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ಅದೆಲ್ಲ ಹೊಸ ಬೇರಿಂಗಿಗೇ ಬಂದು ಇಂಜಿನ್ ಮತ್ತೆ ಹಾಳು.

"ಲೇ, ಇದರ ಪೈಪ್ ಒಂದಿಷ್ಟು ಬಿಚ್ಚು, ನೋಡಾಣ" ಎಂದೆ, ಎಲ್ಲರಿಗೂ ಕೇಳುವಂತೆ.

ಬಿಚ್ಚಿದ. ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ ಮಿಣಮಿಣ ಹೊಳೆಯಿತು. ಅವನ ಮುಖ ಸಣ್ಣದಾಗುವುದನ್ನು ಕಾಯುತ್ತಾ ನಿಂತೆ. ಅವನೋ, ಹಣೆ ಚಚ್ಚಿಕೊಂಡು ಎಣ್ಣೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡ.

"ಈ ನನ್ ಬಾವ ಇಲ್ದಿದ್ರೆ ಇವತ್ತು ನನ್ ಮಾನ ಹೋಗ್ತಿತ್ತು ಕಣ್ರಪ್ಪಾ! ತಪ್ಪು ನಂದೇ."

"ಎಷ್ಟು ದೊಡ್ಡ ಮನಸ್ಸು ನೋಡ್ರಿ ಇವರದು, ಹತ್ತು ಜನದ ಮುಂದೆ ತಪ್ಪು ಒಪ್ಕೊಂಡ್ರು" ಎಂದ ಸಾಹುಕಾರರ ಮಗ.

ಹೊಸ ಕೂಲರ್ ತರಿಸಿ ಹಾಕಿದ ಮೇಲೆ ಕಾರು ಹುಲಿಯಂತೆ ಗುರುಗುಟ್ಟಿ ಎದ್ದಿತು. ಊರಿನ ಬಾಯಲ್ಲಿ ಉಳಿದದ್ದು ಅವನ ದೊಡ್ಡ ಮನಸ್ಸು. ಪುಡಿ ಕಂಡುಹಿಡಿದ ಕಣ್ಣು ಯಾರದೆಂದು ಒಬ್ಬನೂ ಕೇಳಲಿಲ್ಲ. ತಪ್ಪು ಮಾಡಿಯೂ ಹೊಗಳಿಸಿಕೊಳ್ಳುವವನ ಜೊತೆ ಹೇಗೆ ಏಗುವುದು, ಹೇಳಿ... ಆಮೇಲೆ ಎಷ್ಟೋ ವರ್ಷ ನಾನು ಒಂದೊಂದು ಬೋಲ್ಟನ್ನೂ ಎರಡೆರಡು ಸಲ ನೋಡಿ ಬಿಗಿದೆ. ಅವನ ಮುಂದೆ ತಪ್ಪಬಾರದೆಂಬ ಹಟ, ಅಷ್ಟೇ.

ಕಳೆದ ವರ್ಷ ಎದೆನೋವೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನ ಜಾಗದಲ್ಲೀಗ ಮೊಬೈಲ್ ಅಂಗಡಿ.

ನಿನ್ನೆ ನಾಯಕನಹಟ್ಟಿಯ ಗಿರಾಕಿಯೊಬ್ಬರು ಜೀಪ್ ಬಿಡಿಸಿಕೊಳ್ಳಲು ಬಂದಿದ್ದರು. ಇಂಜಿನ್ ಸದ್ದು ಕೇಳಿ, "ಚಳ್ಳಕೆರೆಗೆಲ್ಲ ಈಗ ನೀವೇ ನಂಬರ್ ಒನ್ ಬಿಡ್ರಿ" ಎಂದರು. ಆ ಮಾತಿಗಾಗಿ ನಾನು ಅರ್ಧ ಆಯುಷ್ಯ ಕಾದಿದ್ದೆ. "ಏನಂದ್ರಿ? ಒಂದಿಷ್ಟು ಗಟ್ಟಿಯಾಗಿ ಹೇಳ್ರಿ" ಎಂದು, ಅವನಿಗೂ ಕೇಳಿಸಲಿ ಎಂದು ರಸ್ತೆಯಾಚೆ ತಿರುಗಿದೆ.