ಸಾಹೇಬರ ಗೋಡೆಗೆ ಎಷ್ಟು ಕಾಗದ

ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತ ನನ್ನ ಹೆಸರು ಕೇಳುವ ಮೊದಲೇ, "ಮುಲ್ಕಿಯೇನ್ರೀ, ಗೈರ್‌ಮುಲ್ಕಿ?" ಎಂದ. ನಿಜಾಮರ ಸೀಮೆಯಲ್ಲಿ ಹುಟ್ಟಿದವ ಮುಲ್ಕಿ, ಹೊರಗಿನವ ಗೈರ್‌ಮುಲ್ಕಿ. ನಾನು ಬಂದದ್ದು ಧಾರವಾಡದಿಂದ. ಇಲ್ಲಿಯೂ ಮಾತು ಕನ್ನಡವೇ, ರೊಟ್ಟಿ ಜೋಳದ್ದೇ. ಆದರೂ ನಾನು ಪರದೇಶಿ.

ಶಾಲೆಯಲ್ಲಿ ಗಣಿತ ಕಲಿಸಬೇಕು, ಅದೂ ಉರ್ದುವಿನಲ್ಲಿ. ಗೋಡೆಗೆ ದೀವಾರ್ ಎನ್ನಲು ನಾನು ಕಲಿಯುವಷ್ಟರಲ್ಲಿ ಮಕ್ಕಳು ನಕ್ಕು ಸುಸ್ತಾಗಿದ್ದರು. ಧಾರವಾಡದಲ್ಲಿ ನನ್ನೆದುರು ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನೌಕರಿ ಖಾಯಂ ಆಗಲು ತಹಶೀಲ್ದಾರರ ಶಿಫಾರಸು ಬೇಕಿತ್ತು. ಯಾವಾಗ ತೆಗೆದುಹಾಕುತ್ತಾರೋ ತಿಳಿಯದ ಕೆಲಸ ನಂಬಿ ಹೆಂಡತಿಯನ್ನು ಕರೆತರುವ ಧೈರ್ಯ ನನಗಿರಲಿಲ್ಲ.

ಆಗ ತಹಶೀಲ್ದಾರ ಸಾಹೇಬರಿಗೆ ದಿವಾನಖಾನೆಯ ಗೋಡೆಗೆ ಹೂಬಳ್ಳಿಯ ಕಾಗದ ಅಂಟಿಸುವ ಹುಕಿ ಬಂತು. ಹೈದರಾಬಾದಿನಿಂದ ಎಷ್ಟು ಸುರುಳಿ ತರಿಸಬೇಕೆಂದು ಲೆಕ್ಕ ಹಾಕಲು ನನಗೇ ಹೇಳಿಕಳಿಸಿದರು. ಹಿಗ್ಗೋ ಹಿಗ್ಗು! ಕೋಣೆಯ ನಾಲ್ಕು ಗೋಡೆಗೆ ಎಷ್ಟು ಕಾಗದ ಬೇಕೆಂಬ ಲೆಕ್ಕವನ್ನು ಹದಿನಾಲ್ಕು ವರ್ಷ ಹಲಗೆಯ ಮೇಲೆ ಬಿಡಿಸಿದವ ನಾನು. ಅಂಥ ಕಾಗದವನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಬಾಗಿಲು, ಕಿಟಕಿ, ದೀಪದ ಗೂಡುಗಳನ್ನೂ ಬಿಡದೆ ಕಳೆದು, ಹನ್ನೊಂದು ಸುರುಳಿ ಎಂದು ಬರೆದೆ.

ನನ್ನ ಬಾಡಿಗೆ ಮನೆಯ ಒಡತಿ ಶರಣಮ್ಮ ಕಟ್ಟೆಯ ಮೇಲೆ ಹಳೆಯ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದರು. "ಮಾಸ್ತರ್ರ, ಹೂವಿಗೆ ಹೂವು ಕೂಡಬೇಕಂದ್ರ ತುಂಡು ಭಾಳ ಕೆಡತಾವ್ರೀ. ಎರಡು ಸುರುಳಿ ಜಾಸ್ತಿ ಬರಸ್ರಿ" ಎಂದರು.

"ಇದು ಕೌದಿ ಅಲ್ರೀ ಶರಣಮ್ಮಾರ, ಗಣಿತ" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾಗದ ಅಂಟಿಸಲು ಮಸ್ಕಿಯಿಂದ ಹುಸೇನಸಾಬ ಬಂದ. ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವ. ಒಂದು ಪಟ್ಟಿಯ ಬಳ್ಳಿಗೆ ಇನ್ನೊಂದರ ಬಳ್ಳಿ ಕೂಡಿಸಲು ಪ್ರತಿ ಸಲವೂ ಅಷ್ಟಷ್ಟು ಕತ್ತರಿಸಿ ಎಸೆಯಬೇಕಾಯಿತು. ನಾಲ್ಕನೆಯ ಗೋಡೆಯ ಅರ್ಧಕ್ಕೆ ಬಂದು ನಿಂತ. "ಕಾಗದ ತೀರೇತ್ರಿ ಮಾಸ್ತರ್ರ, ಗ್ವಾಡಿ ಉಳದೈತಿ" ಎಂದ.

ಆ ನಮೂನೆ ಹೈದರಾಬಾದಿನಲ್ಲೂ ಮುಗಿದಿತ್ತು. ಸಾಹೇಬರು ಬೈಯಲಿಲ್ಲ. "ಗೈರ್‌ಮುಲ್ಕಿ ಹಿಸಾಬ್" ಎಂದಷ್ಟೇ ಅಂದು, ಬೋಳು ಗೋಡೆ ಮುಚ್ಚಲು ಅರ್ಜಿಗಳ ಹಳೆಯ ಕಪಾಟನ್ನು ತರಿಸಿ ನಿಲ್ಲಿಸಿದರು. ಬೈದಿದ್ದರೇ ಚೆನ್ನಾಗಿತ್ತು. ನೌಕರಿ ಖಾಯಂ ಮಾಡಿರೆಂಬ ನನ್ನ ಅರ್ಜಿ ಮೂರು ವರ್ಷದಿಂದ ಬೀಗ ಬಿದ್ದ ಅದೇ ಕಪಾಟಿನಲ್ಲಿದೆ.

ಹೋದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಹಳೆಯ ಶಾಲೆಗೂ ಕಾಲಿಟ್ಟೆ. ನನ್ನ ಜಾಗಕ್ಕೆ ಬಂದ ಮಾಸ್ತರ ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದಿದ್ದ. ಬಾಗಿಲು ಕಳೆಯಬೇಡಿ, ಹೂ ಕೂಡಿಸಲು ಹೆಚ್ಚು ಹಿಡಿಯಿರಿ ಎಂದೆ. "ಮೊಗಲಾಯಿಗೆ ಹೋಗಿ ಲೆಕ್ಕಾ ಮರತ್ರೇನ್ರೀ?" ಎಂದು ನಕ್ಕ. ನಿಜಾಮರ ಸೀಮೆಯನ್ನು ನಾವು ಕರೆಯುವುದೇ ಹಾಗೆ. ಒಂದು ಕಾಲಕ್ಕೆ ನಾನೂ ಆ ಮಾತನ್ನು ಹೀಗೆಯೇ ನಗುತ್ತ ಆಡಿದವ.

ಹೊರಡುವ ದಿನ ಹೆಂಡತಿ ರೊಟ್ಟಿ ಕಟ್ಟಿಕೊಡುತ್ತ ಕೇಳಿದಳು, "ನಿಮ್ಮೂರಿಗೆ ನನ್ನ ಯಾವಾಗ ಕರಕೊಂಡು ಹೋಗ್ತೀರಿ?"

ನಿಮ್ಮೂರು ಎಂದಳು. ಆ ಊರಿನ ಕಪಾಟಿನ ಬೀಗದ ಕೈ ನನ್ನ ಹತ್ತಿರ ಇಲ್ಲ. ರೊಟ್ಟಿಯ ಗಂಟು ಎತ್ತಿಕೊಂಡು ಹೊರಟೆ.