ಬಸ್ಸಿನಲ್ಲಿ ಅತ್ತೆ ಕೊಟ್ಟ ಇಂಜೆಕ್ಷನ್

ನನ್ನ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿವೆ ಎಂದು ತಿಳಿದದ್ದು ನಾನು ಮದುವೆಯಾಗಿ ಮೂಡುಬಿದಿರೆ ಹತ್ತಿರದ ಪುತ್ತಿಗೆಗೆ ಬಂದ ಮೂರನೆಯ ವರ್ಷ. ಅದಕ್ಕೂ ಮೊದಲು ಕಾರಣವಿಲ್ಲದೆ ಸೊರಗಿದ್ದೆ. ಮೈಬಣ್ಣ ಕಪ್ಪಿಟ್ಟಿತ್ತು. ಉಪ್ಪಿನ ಆಸೆ ತಡೆಯದೆ ಉಪ್ಪಿನಕಾಯಿಯ ರಸವನ್ನು ಯಾರಿಗೂ ಕಾಣದಂತೆ ಚಮಚದಲ್ಲಿ ಕುಡಿಯುತ್ತಿದ್ದೆ. ಮಂಗಳೂರಿನ ವೈದ್ಯರು ಕಾಯಿಲೆಯನ್ನು ಕಂಡುಹಿಡಿದು, ಆ ಗ್ರಂಥಿಗಳ ಕೆಲಸವನ್ನು ಮಾಡುವ ಸ್ಟೀರಾಯ್ಡ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು ಎಂದರು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ತೊಡೆಗೆ ಅದೇ ಮದ್ದಿನ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕರೆತರಬೇಕು, ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ ಎಂದೂ ಹೇಳಿದರು.

ನರ್ಸ್ ಇಂಜೆಕ್ಷನ್ ಕೊಡಲು ಮೊದಲು ಕಲಿಸಿದ್ದು ನನ್ನ ಗಂಡನಿಗೆ. ಅವರ ಕೈ ನಡುಗಿ ಸೂಜಿ ಕೆಳಗೆ ಬಿತ್ತು. ಪಕ್ಕದಲ್ಲಿ ಕುಳಿತಿದ್ದ ಅತ್ತೆ, "ನನಗೆ ತೋರಿಸಿ, ನಾನು ಕಲೀತೇನೆ" ಎಂದರು. ಬೆಳಿಗ್ಗೆ ಬಸದಿಗೆ ಹೋಗಿ ಬರುವ ತನಕ ಕಾಫಿಯನ್ನೂ ಮುಟ್ಟದ, ಏಳನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಅವರು. ಮನೆಗೆ ಬಂದು ದೊಡ್ಡ ಸೌತೆಕಾಯಿಗೆ ಬರೀ ನೀರು ಚುಚ್ಚಿ ವಾರವಿಡೀ ಅಭ್ಯಾಸ ಮಾಡಿದರು. ಔಷಧಿಯ ಪುಡಿ, ಅದನ್ನು ಕರಗಿಸುವ ನೀರು, ಸಿರಿಂಜು, ಏನು ಮಾಡಬೇಕೆಂದು ವೈದ್ಯರು ಬರೆದುಕೊಟ್ಟ ಕಾಗದ ಇವೆಲ್ಲವನ್ನೂ ಸ್ಟೀಲ್ ಡಬ್ಬಿಯೊಂದರಲ್ಲಿ ಹಾಕಿ ತಮ್ಮ ಚೀಲದಲ್ಲೇ ಇಟ್ಟುಕೊಂಡರು.

ಕಳೆದ ವರ್ಷ ಬೆಳ್ತಂಗಡಿಯ ನನ್ನ ತವರಿನಲ್ಲಿ ತಮ್ಮನ ಮಗುವಿನ ನಾಮಕರಣ. ನಾನೂ ಅತ್ತೆಯೂ ಇಬ್ಬರೇ ಹೋಗಿದ್ದೆವು. ಬೆಳಗಿನಿಂದಲೇ ನನಗೆ ಹೊಟ್ಟೆ ಸರಿಯಿರಲಿಲ್ಲ. ಎರಡು ಸಲ ವಾಂತಿಯಾದರೂ ಸಂಭ್ರಮ ಕೆಡಬಾರದೆಂದು ಹೇಳಲಿಲ್ಲ. ಅದು ನನ್ನದೇ ತಪ್ಪು. ಹಿಂದಿರುಗುವ ಬಸ್ಸು ಗುರುವಾಯನಕೆರೆ ದಾಟುವಷ್ಟರಲ್ಲಿ ತಣ್ಣನೆಯ ಬೆವರು ಇಳಿಯತೊಡಗಿತು. ಮಾತನಾಡಲು ಹೋದರೆ ಪದಗಳು ಸಿಗಲಿಲ್ಲ. ಅತ್ತೆ ನನ್ನ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಬೆಳಗ್ಗಿನ ಮಾತ್ರೆ ಹೊಟ್ಟೆಯಲ್ಲಿ ಉಂಟಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಕಂಡಕ್ಟರನ್ನು ಕರೆದು ಬಸ್ಸು ನಿಲ್ಲಿಸಲು ಹೇಳಿದರು. ವೇಣೂರಿನಲ್ಲಿ ಡಾಕ್ಟರು ಸಿಗಬಹುದು, ಅಲ್ಲಿಯವರೆಗೆ ತಡೆಯಲು ಆಗುವುದಿಲ್ಲವೇ ಎಂದು ಆತ ಕೇಳಿದ.

"ಮದ್ದು ನನ್ನ ಹತ್ತಿರವೇ ಉಂಟು. ಬಸ್ಸು ಅಲುಗಾಡದಿದ್ದರೆ ಸಾಕು" ಎಂದರು ಅತ್ತೆ.

ಬಸ್ಸು ನಿಂತಿತು. ಹಿಂದಿನ ಉದ್ದ ಸೀಟನ್ನು ಖಾಲಿ ಮಾಡಿ ನನ್ನನ್ನು ಮಲಗಿಸಿದರು. ನಾಲ್ಕೈದು ಹೆಂಗಸರು ಶಾಲು ಹಿಡಿದು ಮರೆಯಾಗಿ ನಿಂತರು. ಅತ್ತೆ ಪುಡಿಗೆ ನೀರು ಬೆರೆಸಿ, ಪೂರ್ತಿ ಕರಗುವವರೆಗೆ ಅಲ್ಲಾಡಿಸಿ, ಸಿರಿಂಜಿನ ಗಾಳಿ ತೆಗೆಯುವುದನ್ನು ನಾನು ಮಂಜು ಮಂಜಾಗಿ ಕಂಡೆ. ಅವರಿಗೆ ಒಂದಿಷ್ಟೂ ಅವಸರವಿರಲಿಲ್ಲ. ತೊಡೆಯ ಹೊರಬದಿಗೆ ಸೂಜಿ ಇಳಿದಾಗ ನನಗೆ ಹೆದರಿಕೆ ಹೋಗಿತ್ತು. ಈ ಕೈ ತಪ್ಪುವುದಿಲ್ಲವೆಂದು ಗೊತ್ತಿತ್ತು.

ಆಮೇಲೆ ಹೊಸಬರನ್ನು ಹತ್ತಿಸಿಕೊಳ್ಳಲು ಕಂಡಕ್ಟರ್ ಎಲ್ಲೂ ನಿಲ್ಲಿಸಲಿಲ್ಲ. ಮೂಡುಬಿದಿರೆಯಲ್ಲಿ ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ಆಸ್ಪತ್ರೆಯ ಗೇಟಿಗೇ ಬಂತು. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರ್ ಇಂಥ ರೋಗಿಯನ್ನು ನೋಡಿದ್ದು ಅದೇ ಮೊದಲಂತೆ. ಅದನ್ನು ಅವರು ಮುಚ್ಚಿಡಲಿಲ್ಲ. ಅತ್ತೆ ಕಾಗದವನ್ನು ಅವರ ಕೈಗಿಟ್ಟರು.

"ಇಂಜೆಕ್ಷನ್ ಮೂರೂವರೆಗೆ ಕೊಟ್ಟಾಗಿದೆ. ಇನ್ನು ಸಲೈನ್ ಹಾಕಬೇಕು. ಇದರಲ್ಲಿ ಎಲ್ಲ ಬರೆದುಂಟು, ಮಂಗಳೂರಿನ ಡಾಕ್ಟರ ನಂಬರೂ ಉಂಟು. ನೀವು ಅವರ ಹತ್ತಿರ ಮಾತಾಡಿ."

ಡಾಕ್ಟರ್ ಕಾಗದ ಓದಿ, ಮಂಗಳೂರಿಗೆ ಫೋನ್ ಮಾಡುತ್ತಲೇ ಸಲೈನ್ ಹಾಕಿಸಿದರು. ಎರಡು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಎದ್ದು ಕುಳಿತು ಗಂಜಿ ಕೇಳಿದೆ. ಮೂರನೆಯ ದಿನ ಮನೆಗೆ ಬಂದೆ.

ಆ ಭಾನುವಾರ ಅತ್ತೆ ಜಗಲಿಯಲ್ಲಿ ಹೊಸ ಸಿರಿಂಜುಗಳನ್ನು ಸಾಲಾಗಿಟ್ಟು ನನ್ನನ್ನೂ ನನ್ನ ಗಂಡನನ್ನೂ ಕೂರಿಸಿದರು. "ನನಗೊಬ್ಬಳಿಗೇ ಗೊತ್ತಿದ್ದರೆ ಸಾಲದು, ನಾನಿಲ್ಲದ ಬಸ್ಸಿನಲ್ಲೂ ನೀನು ಹೋಗಬೇಕಲ್ಲ" ಎಂದರು. ಗಂಡನ ಕೈ ಈಗಲೂ ಸ್ವಲ್ಪ ನಡುಗುತ್ತದೆ, ಆದರೆ ಸೂಜಿ ಬೀಳುವುದಿಲ್ಲ. ನಾನು ನನ್ನ ತೊಡೆಗೆ ನಾನೇ ಚುಚ್ಚಿಕೊಳ್ಳಲು ಕಲಿತಿದ್ದೇನೆ. ಮೊನ್ನೆ ಬಂಟ್ವಾಳಕ್ಕೆ ಒಬ್ಬಳೇ ಹೋಗಿ ಬಂದೆ.