ಖಂಡೆಪೂಜೆಯ ದಿನ ಅಕ್ಕನ ಹಾಡು

ಹೋದ ವರ್ಷದ ಮಹಾನವಮಿ. ನಮ್ಮ ಕಡೆ ಅಂದು ಖಂಡೆಪೂಜೆ. ಕುಡಗೋಲು, ಇಳಿಗೆಮಣೆಯಿಂದ ಹಿಡಿದು ಸ್ಕೂಟರಿನವರೆಗೆ ಮನೆಯ ಆಯುಧಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡುತ್ತೇವೆ. ಪೂಜೆಗೆ ಕೂತ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಎತ್ತುವುದಿಲ್ಲ. ಅವಕ್ಕೂ ವರ್ಷಕ್ಕೊಂದು ದಿನ ಸೂಟಿ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಶಾಲೆಗೆ ರಜೆ ಇದೆಯೆಂದು ಅದೇ ದಿನ ಕಂಪ್ಯೂಟರಿನ ಮುಂದೆ ಕೂತೆ.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಚಿಂತೆ ಮಾಡುವುದು ನನಗೆ ಪಗಾರವಿಲ್ಲದ ಇನ್ನೊಂದು ನೌಕರಿ. ಕೀಲಿ ಹಾಕಿದ ಮೇಲೆ ಜಗ್ಗಿ ಜಗ್ಗಿ ನೋಡಿ ನಮ್ಮ ಬಾಗಿಲಿನ ಕೊಂಡಿಯೇ ಸಡಿಲಾಗಿದೆ. "ಕಳ್ಳ ಯಾಕ ಬೇಕ, ಬಾಗಲಾ ಮುರ್ಯಾಕ ನೀನ ಸಾಕು" ಎಂದು ನಮ್ಮ ಮನೆಯವರು ಅನ್ನುತ್ತಿರುತ್ತಾರೆ.

ಆದರೆ ಆ ದಿನದ ನನ್ನ ಚಿಂತೆ ಸುಳ್ಳು ಚಿಂತೆಯಾಗಿರಲಿಲ್ಲ. ಅದು ನನ್ನ ಅಕ್ಕನ ದನಿಯ ಚಿಂತೆ.

ಅಕ್ಕ ನೀಲವ್ವನನ್ನು ಕೊಟ್ಟದ್ದು ಮುನವಳ್ಳಿಗೆ. ಅವಳ ಓಣಿಯಲ್ಲಿ ಅವಳ ಸೋಬಾನ ಪದವಿಲ್ಲದೆ ಯಾರ ಮದುವೆಯಲ್ಲೂ ಅರಿಷಿಣ ಹಚ್ಚುತ್ತಿರಲಿಲ್ಲ. ಈ ಪದ ಹಾಡುವುದಕ್ಕೆ ಒಂದು ರೀತಿಯಿದೆ. ಒಬ್ಬಳು ಮುಂದೆ ನಿಂತು ಒಂದು ಸೊಲ್ಲು ಕೊಡುತ್ತಾಳೆ, ಹಿಂದಿನ ಹೆಂಗಸರು ಅದನ್ನೇ ತಿರುಗಿ ಎತ್ತಿಕೊಳ್ಳುತ್ತಾರೆ. ಮುಂದಿನ ಸೊಲ್ಲು ಎಲ್ಲರಿಗೂ ಬಾಯಿಪಾಠ ಇರಬಹುದು. ಆದರೂ ಮುಂದಿನಾಕೆ ಕೊಡದೆ ಹಿಂದಿನವರು ಎತ್ತುವಂತಿಲ್ಲ. ಅಕ್ಕ ಯಾವಾಗಲೂ ಮುಂದಿನಾಕೆ.

ಆ ಮಹಾನವಮಿಗೂ ಎರಡು ವರ್ಷ ಮೊದಲು ಅವಳ ಗಂಟಲಿನಲ್ಲಿ ಗಡ್ಡೆಯಾಯಿತು. ಜೀವ ಉಳಿಸಲು ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವಳು ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಾಳೆ, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಮಾತಾಡಿದರೆ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಹತ್ತಿರದವರೆಲ್ಲ ಅವಳ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದೇವೆ. ಇಲ್ಲಿ ಅಕ್ಕ ಹೀಗೆಂದಳು ಎಂದು ಬರೆದದ್ದೆಲ್ಲ ಹಾಗೆ ಹಿಡಿದ ಮಾತು.

ಅವಳ ಮಗಳು ದೀಪಾಳ ಮದುವೆ ತುಳಸಿ ಲಗ್ನ ಮುಗಿದ ಮೇಲೆ ಎಂದು ನಿಶ್ಚಯವಾಯಿತು. ಹೆಣ್ಣು ಒಪ್ಪಿಸುವ ಪದ ಯಾರು ಹಾಡಬೇಕು ಎಂಬ ಪ್ರಶ್ನೆ ಬಂತು. ಓಣಿಯ ಹೆಂಗಸರು, "ನೀಲವ್ವ ಕಣ್ಣ ಮುಂದ ಕುಂತಿರೂವಾಗ ಆಕಿ ಮಗಳ ಮದಿವ್ಯಾಗ ನಾವು ಮುಂದ ನಿಂದರೂದ? ಆಗೂದಿಲ್ಲ" ಎಂದುಬಿಟ್ಟರು. ಆಗ ದೀಪಾಳೇ, "ಚಿಗವ್ವನ ಕಂಪ್ಯೂಟರ್‌ನ್ಯಾಗ ಅವ್ವನ ಪದ ಅದಾವಲ್ಲ. ಅವನ್ನ ಹಚ್ಚೂಣು" ಅಂದಳು. ಅಕ್ಕ ಗೋಣು ಹಾಕಿ ಒಪ್ಪಿದಳು.

ನಿಜ, ಅವು ನನ್ನಲ್ಲಿದ್ದವು. ಎಲ್ಲಿ ಮರೆತುಹೋಗುವವೋ ಎಂಬ ಚಿಂತೆಯಿಂದ ಪ್ರತಿ ಸೂಟಿಯಲ್ಲೂ ಮುನವಳ್ಳಿಗೆ ಹೋಗಿ, ಅಕ್ಕನನ್ನೂ ನಾಲ್ಕಾರು ಹೆಂಗಸರನ್ನೂ ಪಡಸಾಲೆಯಲ್ಲಿ ಕೂರಿಸಿ, ವರ್ಷಗಟ್ಟಲೆ ರೆಕಾರ್ಡ್ ಮಾಡಿಕೊಂಡಿದ್ದೆ. ಬೇರೆಯವರ ಮೊಬೈಲುಗಳಲ್ಲೂ ಚೂರುಪಾರು ಇದ್ದವು, ಆದರೆ ಅವುಗಳಲ್ಲಿ ಬ್ಯಾಂಡಿನ ಸದ್ದೇ ಹೆಚ್ಚು. ಹೆಣ್ಣು ಒಪ್ಪಿಸುವ ಪದವಂತೂ ಯಾರ ಬಳಿಯೂ ಇರಲಿಲ್ಲ. ಎಲ್ಲರೂ ಅಳುವ ಹೊತ್ತಿನಲ್ಲಿ ಮೊಬೈಲು ಹಿಡಿಯುವವರು ಯಾರು?

ನನ್ನ ಕಂಪ್ಯೂಟರಾದರೋ ಮುದಿಯಾಗಿತ್ತು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರತೊಡಗಿತ್ತು. ಮದುವೆಯೊಳಗೆ ಇದು ಸತ್ತರೆ ಗತಿಯೇನು ಎಂದು ಹೆದರಿ ಮನೆಗೆ ಒಂದು ನೆಟ್‌ವರ್ಕ್ ಸ್ಟೋರೇಜ್ ಕೊಂಡೆ. ಒಳಗೆ ದೊಡ್ಡ ಡಿಸ್ಕ್ ಇರುವ ಕಪ್ಪು ಡಬ್ಬಿ. ಅದನ್ನು ವೈಫೈ ರೂಟರಿಗೆ ಸಿಕ್ಕಿಸಿ ಇಟ್ಟರೆ ಮನೆಯ ಎಲ್ಲ ಮೊಬೈಲು, ಕಂಪ್ಯೂಟರುಗಳಿಗೂ ಅದರೊಳಗಿನದು ಸಿಗುತ್ತದೆ. ಮಾರಿದವನು ಸ್ಪಷ್ಟವಾಗಿ ಹೇಳಿದ್ದ: "ಮೊದಲ ಕಾಪಿ ಮಾಡ್ರಿ ಮೇಡಂ. ಎಲ್ಲಾ ಬಂದಾವೇನಂತ ತಗದ ನೋಡ್ರಿ. ಆಮ್ಯಾಲ ಹಳೇದನ್ನ ಅಳಸ್ರಿ."

ಸಾಮಾನ್ಯ ಮನುಷ್ಯರು ಹಾಗೆಯೇ ಮಾಡುತ್ತಾರೆ. ನಾನು ಮನೆಗೆ ಬಂದು ಯೋಚನೆ ಮಾಡಿದೆ. ಎರಡು ಕಡೆಯೂ ಇದ್ದರೆ ಯಾವುದು ಪೂರ್ತಿ, ಯಾವುದು ಅರ್ಧ ಎಂದು ಗೊಂದಲವಾಗುತ್ತದೆ, ಆ ಗೊಂದಲದಲ್ಲಿ ಸರಿಯಾದದ್ದನ್ನೇ ಅಳಿಸಿಬಿಡುತ್ತೇನೆ ಎನ್ನಿಸಿತು. ಅದಕ್ಕಿಂತ ಕಟ್ ಮಾಡಿ ಪೇಸ್ಟ್ ಮಾಡುವುದು ಮೇಲು. ಹೋದದ್ದು ಹೋಗಿರುತ್ತದೆ, ಇಲ್ಲಿ ಉಳಿದದ್ದು ಹೋಗಬೇಕಾದದ್ದು. ಇಷ್ಟು ಮುಂದಾಲೋಚನೆ ಮಾಡಿ ಬೆಳಿಗ್ಗೆಯೇ ಅಕ್ಕನ ಹಾಡುಗಳನ್ನೂ, ಅವುಗಳ ಹಿಂದೆ ಮನೆಯ ಫೋಟೋಗಳ ರಾಶಿಯನ್ನೂ ಸಾಗಹಾಕಿ, ಹೋಳಿಗೆಯ ಹೂರಣ ರುಬ್ಬಲು ಅಡುಗೆಮನೆಗೆ ಹೋದೆ.

ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಡಬ್ಬಿಯ ದೀಪ ಆರಿತ್ತು. ಅದರ ಮೈಗೆ ವಿಭೂತಿ, ತಲೆಯ ಮೇಲೆ ಚೆಂಡುಹೂವಿನ ರಾಶಿ. ಮುಂದೆ ಒಡೆದ ತೆಂಗಿನಕಾಯಿ. ಅತ್ತೆ ಕಾಯಿಯ ನೀರನ್ನು ಎಲ್ಲ ಆಯುಧಗಳ ಮೇಲೂ ಚಿಮುಕಿಸಿಕೊಂಡು ಬಂದಿದ್ದರು. ಡಬ್ಬಿಯ ನೆತ್ತಿಯಲ್ಲಿ ಗಾಳಿಗೆಂದು ಬಿಟ್ಟ ಸೀಳುಗಳಲ್ಲಿ ಹನಿಗಳು ಹೊಳೆಯುತ್ತಿದ್ದವು.

"ಅತ್ತಿ, ಇದನ್ನ ಯಾಕ ಬಂದ್ ಮಾಡಿದ್ರಿ?"

"ಮುಂಜಾನಿಂದ ಒಂದ ಸವನ ದುಡ್ಯಾಕ ಹತ್ತಿತ್ತವಾ. ಕುಡಗೋಲಿಗೆ ಸೂಟಿ, ಸ್ಕೂಟರಿಗೆ ಸೂಟಿ, ಇದೇನ ಪಾಪ ಮಾಡೇತಿ? ನಿಮ್ಮಕ್ಕನ ಪದ ಇದರಾಗ ಇರ್ತಾವಂದಿದ್ದಿ. ಅದಕ್ಕ ಹೂವ ಒಂದಿಷ್ಟ ಜಾಸ್ತಿನ ಏರಿಸೇನಿ."

ನಾನು ಹೂವನ್ನೆಲ್ಲ ಬದಿಗೆ ಸರಿಸಿದೆ.

"ಏ, ಈಗ ಮುಟ್ಟಬ್ಯಾಡ" ಅಂದರು ಅತ್ತೆ. "ನಾಳಿ ಬನ್ನಿ ಮುಡದ ಮ್ಯಾಲ ಚಾಲೂ ಮಾಡಂತಿ."

ನಾಳೆಯವರೆಗೆ ಕಾಯುವ ಜೀವ ನನ್ನದಲ್ಲ. ಸೆರಗಿನಿಂದ ಮೇಲಿನ ನೀರು ಒರೆಸಿ ಸ್ವಿಚ್ ಒತ್ತಿದೆ. ಒಳಗಿನಿಂದ ಚಟ್ ಎಂಬ ಸಣ್ಣ ಸದ್ದು, ಹಿಂದೆಯೇ ಸುಟ್ಟ ವಾಸನೆ ಬಂತು. ದೀಪ ಮತ್ತೆ ಹತ್ತಲಿಲ್ಲ. ಕಂಪ್ಯೂಟರ್ ತೆಗೆದು ನೋಡಿದೆ. ಫೋಟೋಗಳು ಅರ್ಧ ಉಳಿದಿದ್ದವು. ಹಾಡುಗಳ ಫೋಲ್ಡರ್ ಖಾಲಿಯಾಗಿತ್ತು.

ಹಬ್ಬ ಮುಗಿದ ಮೇಲೆ ಡಬ್ಬಿಯನ್ನು ಬೆಳಗಾವಿಯ ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿಯವರು ಬಿಚ್ಚಿ ನೋಡಿ, "ಹಸಿ ಇದ್ದಾಗ ಕರೆಂಟ್ ಕೊಟ್ಟೀರಿ. ಒಂದಿನ ಒಣಗಾಕ ಬಿಟ್ಟಿದ್ರ ಏನೂ ಆಗ್ತಿದ್ದಿಲ್ಲರಿ" ಎಂದರು. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. ಅದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ. ಕಂಪ್ಯೂಟರಿನ ಹಳೆಯ ಡಿಸ್ಕನ್ನೂ ಅಂಗಡಿಯವರಿಗೇ ಕೊಟ್ಟೆವು. ಎರಡರಿಂದಲೂ ಎಷ್ಟು ಬರುತ್ತದೋ ನೋಡುತ್ತೇವೆ, ಭರವಸೆ ಕೊಡುವುದಿಲ್ಲ ಎಂದರು.

ಅಕ್ಕನಿಗೆ ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ಅವಳು ಫೋನಿನಲ್ಲಿ ಏನು ಹೇಳಿಯಾಳು? ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಮುನವಳ್ಳಿಗೆ ಹೋದೆ. ದಾರಿಯುದ್ದಕ್ಕೂ ಒಂದೊಂದು ಸುಳ್ಳನ್ನು ಕಟ್ಟಿ ನೋಡಿದೆ. ಸಿಡಿಲು ಬಡಿಯಿತು ಎನ್ನೋಣವೆಂದರೆ ಆಕಾಶದಲ್ಲಿ ಮೋಡವೇ ಇರಲಿಲ್ಲ. ಕೊನೆಗೆ ಅವಳ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಕ್ಕ, "ಉಂಡ ಬಂದಿಯೋ ಇಲ್ಲೋ?" ಅಂದಳು. ರೊಟ್ಟಿ ಹಾಕಿಕೊಟ್ಟು ಹಿತ್ತಲಿಗೆ ಹೋದಳು. ಆಗಲೇ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಮತ್ತೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ದನಿ ಇದ್ದಾಗ ಅವಳು ಅತ್ತದ್ದನ್ನು ನಾನು ಕೇಳಿದ್ದೆ. ಆ ಪಾತ್ರೆಗಳ ಸದ್ದು ಅದಕ್ಕಿಂತ ಕಷ್ಟವಾಗಿತ್ತು.

ಮದುವೆ ಹತ್ತಿರ ಬಂದಾಗ ಅಂಗಡಿಯಿಂದ ಕರೆ ಬಂತು. ಒಂದಿಷ್ಟು ಸಿಕ್ಕಿವೆ, ಆದರೆ ಹೆಸರೆಲ್ಲ ಅಳಿಸಿ ಬರೀ ನಂಬರು ಉಳಿದಿದೆ, ಎಷ್ಟೋ ಹಾಡು ನಡುವೆಯೇ ತುಂಡಾಗಿವೆ ಎಂದರು. ಸಿಕ್ಕಷ್ಟನ್ನು ಪೆನ್‌ಡ್ರೈವಿನಲ್ಲಿ ತಂದೆವು. ಯಾವುದು ಯಾವ ಪದ ಎಂದು ಗುರುತಿಸಲು ಅಕ್ಕನೇ ನಮ್ಮ ಮನೆಗೆ ಬಂದಳು. ನಾನು ಒಂದೊಂದನ್ನೇ ಹಚ್ಚಿದೆ. ತನ್ನ ದನಿ ಬಂದಾಗ ಅವಳು ನೆಲ ನೋಡುತ್ತಿದ್ದಳು. ಹಿಂದಿನವರು ಸೊಲ್ಲು ಎತ್ತಿಕೊಂಡ ಕೂಡಲೇ ತಲೆಯೆತ್ತಿ, ಬೆರಳು ಮಾಡಿ, "ಇದು ಗಂಗವ್ವ. ಇದು ಬಸವ್ವ, ತೀರಿಹೋದಳಲ್ಲ, ಆಕಿ" ಎಂದು ಒಬ್ಬೊಬ್ಬರನ್ನೇ ಗುರುತಿಸುತ್ತಿದ್ದಳು.

ಅತ್ತೆ ಖಂಡೆಪೂಜೆಯ ದಿನದಿಂದ ಕಂಪ್ಯೂಟರಿನ ಮೇಜಿನ ಹತ್ತಿರ ಸುಳಿದಿರಲಿಲ್ಲ. ಆ ದಿನ ಬಾಗಿಲಲ್ಲೇ ನಿಂತು, "ನೀಲವ್ವ, ನಿನ್ನ ದನಿ ನಾ ನುಂಗಿಬಿಟ್ಟೆ ತಂಗಿ" ಎಂದು ಕಣ್ಣಿಗೆ ಸೆರಗು ಹಚ್ಚಿದರು.

ಅಕ್ಕ ಏನೋ ಅಂದಳು. ಅತ್ತೆಗೆ ತಿಳಿಯಲಿಲ್ಲ, ನನ್ನ ಕಡೆ ನೋಡಿದರು. ನಾನು ಹೇಳಬೇಕಾಯಿತು: "ಡಾಕ್ಟರ್ ಮೊದಲ ನುಂಗಿದ್ರಿ ಅತ್ತಿಯಾರ. ನಿಮಗ ಎಂಜಲ ಉಳದಿತ್ತಂತ."

ಅತ್ತೆ ಅಳುವ ನಡುವೆಯೇ ನಕ್ಕರು. ಅಕ್ಕ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ಹೆಣ್ಣು ಒಪ್ಪಿಸುವ ಪದ ಕೊನೆಗೆ ಸಿಕ್ಕಿತು. ಅದು ಹೀಗೆ ಶುರುವಾಗುತ್ತದೆ:

ತೊಟ್ಟಿಲ ಕಟ್ಟಿದ ತೊಲಿಯ ಕೇಳಿ ಹೋಗ,
ಒರಳ ಕೇಳಿ ಹೋಗ, ಒಲಿಯ ಕೇಳಿ ಹೋಗ...

ಅಷ್ಟೇ. ಅಲ್ಲಿಗೆ ದನಿ ಕತ್ತರಿಸಿದ ಹಾಗೆ ನಿಂತುಬಿಡುತ್ತಿತ್ತು. ಇನ್ನೂ ಎಷ್ಟೋ ನುಡಿಗಳಿದ್ದ ಹಾಡದು. "ಮೊದಲನೇ ಸಾಲಿಗೇ ದನಿ ಸಾವಕಾಶ ಸಣ್ಣದ ಮಾಡಿ ಮುಗಿಸ್ತೇನಿ, ಕೇಳಿದವರಿಗೆ ಗೊತ್ತಾಗೂದಿಲ್ಲ" ಅಂದೆ. ಅಕ್ಕ ತಲೆ ಅಲ್ಲಾಡಿಸಿದಳು. "ಕತ್ತರಿ ಹಾಕಬ್ಯಾಡ. ಎಲ್ಲಿತನಕ ಐತೋ ಅಲ್ಲಿತನಕ."

ಮದುವೆಯ ದಿನ ಮುನವಳ್ಳಿಯ ಮನೆಯ ಅಂಗಳದಲ್ಲಿ ಸ್ಪೀಕರ್ ಇಟ್ಟೆ. ಕರೆಂಟ್ ಹೋದೀತೆಂದು ಬ್ಯಾಟರಿ ಇರುವುದನ್ನೇ ತಂದಿದ್ದೆ. ಪೆನ್‌ಡ್ರೈವ್ ಒಂದು ಪರ್ಸಿನಲ್ಲಿ, ಒಂದು ರವಿಕೆಯೊಳಗೆ. ದೀಪಾಳ ಕೈಯನ್ನು ಗಂಡಿನ ತಾಯಿಯ ಕೈಯಲ್ಲಿಟ್ಟ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಹಚ್ಚಿದೆ.

ಅಕ್ಕನ ದನಿ ಬಂತು. ಓಣಿಯವರು ಅದನ್ನು ಕೇಳಿ ಎರಡು ವರ್ಷವಾಗಿತ್ತು. ತೊಲಿಯ ಕೇಳಿ ಹೋಗ ಎಂಬ ಸೊಲ್ಲನ್ನು ರೆಕಾರ್ಡಿನೊಳಗಿನ ಹೆಂಗಸರ ಜೊತೆಗೆ ಹೊರಗೆ ನಿಂತ ಹೆಂಗಸರೂ ಎತ್ತಿಕೊಂಡರು. ಒಳಗೆ ಬಸವ್ವ ಹಾಡುತ್ತಿದ್ದಳು, ಹೊರಗೆ ಅವಳ ಸೊಸೆ ಹಾಡುತ್ತಿದ್ದಳು. ಒರಳ ಕೇಳಿ ಹೋಗ, ಒಲಿಯ ಕೇಳಿ ಹೋಗ. ಅಲ್ಲಿಗೆ ನಿಂತಿತು.

ಹೆಂಗಸರು ಆ ಸೊಲ್ಲನ್ನು ತಿರುಗಿ ಹಾಡಿ ಮುಗಿಸಿದರು. ಮುಂದಿನದು ಯಾರೂ ಕೊಡಲಿಲ್ಲ. ಅವರಿಗೆಲ್ಲ ಆ ಸಾಲು ಗೊತ್ತಿತ್ತು, ಆದರೆ ಒಬ್ಬರೂ ಬಾಯಿ ತೆರೆಯಲಿಲ್ಲ. ಅದೇ ಸೊಲ್ಲನ್ನು ಇನ್ನೊಮ್ಮೆ ಹಾಡಿದರು, ಕಾಯ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಅಕ್ಕ ಮಗಳ ಪಕ್ಕದಿಂದ ಎದ್ದು ಹೆಂಗಸರ ಎದುರಿಗೆ ಬಂದು ನಿಂತಳು. ಹಿಂದೆ ಯಾವಾಗಲೂ ನಿಲ್ಲುತ್ತಿದ್ದ ಹಾಗೆ ಸೆರಗು ಸಿಕ್ಕಿಸಿ, ಬಲಗೈಯಿಂದ ಎಡಗೈಯ ಮೇಲೆ ತಾಳ ಹಾಕಿದಳು. ಕುತ್ತಿಗೆಯ ಬಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು. ಅವಳ ತುಟಿ ತೆರೆಯಿತು. ದನಿಯಿಲ್ಲದೆ, ಅಕ್ಷರ ಅಕ್ಷರವಾಗಿ, ಸೊಲ್ಲು ಕೊಟ್ಟಳು. ಹೆಂಗಸರು ಕಣ್ಣಲ್ಲೇ ಅದನ್ನು ತೆಗೆದುಕೊಂಡು ಎತ್ತಿ ಹಾಡಿದರು:

ಅವ್ವನ ಕೇಳಬ್ಯಾಡ ನನ ಮಗಳ,
ಆಕಿ ಹೋಗಂತ ಅನ್ನೂದಿಲ್ಲ.

ದೀಪಾ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು. ಅಕ್ಕ ಅಳಲಿಲ್ಲ. ಮುಂದಿನಾಕೆ ಅತ್ತರೆ ಹಾಡು ನಿಲ್ಲುತ್ತದೆ. ಒಂದರ ಹಿಂದೆ ಒಂದು ನುಡಿ, ಕೊನೆಯವರೆಗೂ ಕೊಟ್ಟಳು.

ಡಬ್ಬಿ ಈಗ ರಿಪೇರಿಯಾಗಿದೆ. ಉಳಿದ ಹಾಡುಗಳನ್ನು ಕಾಪಿ ಮಾಡಿ, ತೆಗೆದು ನೋಡಿ, ಮನೆಯಲ್ಲೂ ಮುನವಳ್ಳಿಯಲ್ಲೂ ಇಟ್ಟಿದ್ದೇನೆ. ಆ ಹಾಡು ಪೂರ್ತಿ ಉಳಿದಿದ್ದರೆ ಅಕ್ಕ ಅಂದು ಎದ್ದು ನಿಲ್ಲುತ್ತಿರಲಿಲ್ಲ, ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ಎಷ್ಟೋ ಜನ ನನಗೆ ಸಮಾಧಾನ ಹೇಳಿದ್ದಾರೆ. ಅಷ್ಟು ಸುಲಭಕ್ಕೆ ನನಗೆ ಸಮಾಧಾನವಾಗುವುದಿಲ್ಲ. ಹೋದ ದನಿ ಹೋಯಿತು. ಒಲಿಯ ಕೇಳಿ ಹೋಗ ಎಂಬಲ್ಲಿ ಅದು ನಿಂತಾಗಲೆಲ್ಲ ಈಗಲೂ ಡಬ್ಬಿಯ ದೀಪ ಆರಿತೇನೋ ಎಂದು ತಿರುಗಿ ನೋಡುತ್ತೇನೆ.

ಆದರೆ ಇನ್ನೊಂದೂ ನೆನಪಿದೆ. ಅಂದು ಸೊಲ್ಲು ಎತ್ತಿಕೊಂಡ ಹೆಂಗಸರ ಸಾಲಿನ ಕೊನೆಯಲ್ಲಿ ನಾನೂ ನಿಂತಿದ್ದೆ. ಎಲ್ಲಿ ಅಪಸ್ವರವಾಗುವುದೋ ಎಂದು ಜೀವಮಾನವಿಡೀ ಬಾಯಿ ತೆರೆಯದೆ, ಬೇರೆಯವರ ಹಾಡನ್ನು ಬರೀ ತುಂಬಿಡುತ್ತಾ ಬಂದವಳು ಅಂದು ಹಾಡಿದೆ. ನಡುವೆ ಒಂದು ನುಡಿ ಮುಗಿದಾಗ ಅಕ್ಕ ನನ್ನ ಕಡೆ ತಿರುಗಿದಳು. ಮುಂದಿನ ಸೊಲ್ಲು ಎಂದುಕೊಂಡು ಅವಳ ತುಟಿಯನ್ನೇ ನೋಡಿದೆ. ಅದು ಸೊಲ್ಲಾಗಿರಲಿಲ್ಲ.

"ಇನ್ನೂ ಗಟ್ಟ್ಯಾಗಿ ಹಾಡ" ಅಂದಿದ್ದಳು.